ಶಾಸನಕ್ಕೂ ಆರೋಗ್ಯಕ್ಕೂ ಏನು ಸಂಬಂಧ?

ನವೆಂಬರ್ ೪, ಮಂಗಳವಾರ

ಕುಲಸಚಿವರ ಸುತ್ತೋಲೆ ಬಂತು. ಮುಂದಿನ ಸೆಮಿಸ್ಟರಿನಿಂದ ನಮ್ಮ ವಿಶ್ವವಿದ್ಯಾಲಯದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ‘ಆರೋಗ್ಯ ಪತ್ರಿಕೆ’ ಪಾಸು ಮಾಡಲೇಬೇಕಂತೆ. ಇಲ್ಲದಿದ್ದರೆ ಪದವಿ ಇಲ್ಲ. ಯಾವ ಯಾವ ಕೋರ್ಸನ್ನು ಆರೋಗ್ಯವೆಂದು ಒಪ್ಪಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ. ಗೃಹವಿಜ್ಞಾನದ ಕಾಶೀಬಾಯಿ ಮೇಡಂ ಅದಕ್ಕೆ ಅಧ್ಯಕ್ಷೆ. ಯಾವ ವಿಭಾಗದವರು ಬೇಕಾದರೂ ಅರ್ಜಿ ಹಾಕಬಹುದು. ಓದಿ, ನಕ್ಕು, ಸುತ್ತೋಲೆಯನ್ನು ಚಹದ ಕಪ್ಪಿನ ಕೆಳಗಿಟ್ಟೆ.

ಕಪ್ಪು ಎತ್ತಿದಾಗ ಕೆಳಗಿನ ಸಾಲು ಕಂಡಿತು. ಫೆಬ್ರುವರಿಯ ಪ್ರವೇಶದಲ್ಲಿ ಹತ್ತು ವಿದ್ಯಾರ್ಥಿಗಳೂ ಸಿಗದ ವಿಭಾಗಗಳನ್ನು ಮುಚ್ಚಿ ಬೇರೆ ವಿಭಾಗಕ್ಕೆ ಸೇರಿಸುತ್ತಾರಂತೆ. ಆರೋಗ್ಯ ಪತ್ರಿಕೆಗೆ ಬಂದವರೂ ಆ ಲೆಕ್ಕಕ್ಕೆ ಸೇರುತ್ತಾರಂತೆ. ನಮ್ಮ ಶಾಸನಶಾಸ್ತ್ರ ವಿಭಾಗದಲ್ಲಿ ಈಗ ಇರುವವರು ಮೂವರು. ಅದರಲ್ಲೊಬ್ಬ ಹಾಸ್ಟೆಲ್ಲಿನ ಸಲುವಾಗಿ ಸೇರಿದವ.

ಮಧ್ಯಾಹ್ನ ದೈಹಿಕ ಶಿಕ್ಷಣದ ನಿರ್ದೇಶಕ ಅಮರೇಶ ಅಳತೆಯ ಟೇಪು ಹಿಡಿದು ನನ್ನ ಖೋಲಿಗೇ ಬಂದ. ಗೋಡೆಯಿಂದ ಗೋಡೆಗೆ ಟೇಪು ಎಳೆಯತೊಡಗಿದ.

“ನೀವು ಕೆಲಸಾ ಮಾಡ್ರಿ ಸರ್ರ, ನಾ ಸುಮ್ನ ಅಳತಿ ತಗೋಳಾಕತ್ತೇನ್ರಿ.”

“ಎದರ ಅಳತಿ?”

“ಏನಿಲ್ರಿ, ಟ್ರೆಡ್‌ಮಿಲ್ ಇಲ್ಲಿ ಕುಂದರತಾವೋ ಇಲ್ಲೋ ಅಂತ.”

ಶಾಸನಗಳಿಂದ ಕಾಗದಕ್ಕಿಳಿಸಿದ ಪಡಿಯಚ್ಚುಗಳನ್ನು ಜೋಡಿಸಿಟ್ಟ ಕಪಾಟುಗಳ ಜಾಗದಲ್ಲಿ ಟ್ರೆಡ್‌ಮಿಲ್! ಇದ್ದಲ್ಲೇ ಓಡುವ ಜನ ಸಾವಿರ ವರ್ಷದ ಕಲ್ಬರಹವನ್ನು ಹೊರಗೆ ಹಾಕುತ್ತಾರೆ. ನನ್ನ ಮೈ ಉರಿದುಹೋಯಿತು.

ಮನೆಗೆ ಬಂದು ಹೇಳಿದರೆ ಹೆಂಡತಿ ನಿರುಪಮಾ ಬೇರೆಯೇ ರಾಗ ತೆಗೆದಳು. “ಆರೋಗ್ಯದ ಸಮಿತಿ ಇರ್ಲಿ. ದಿನಾ ನಡೀರಿ ಅಂತ ಡಾಕ್ಟರು ಹೇಳಿ ವರ್ಷಾತು. ಒಂದಿನಾನರ ನನ್ನ ಜೋಡಿ ಕೆಲಗೇರಿ ಕೆರಿಗೆ ಬಂದೀರೇನು?” ನನಗೆ ಸಕ್ಕರೆ ಇದೆ ಎನ್ನುವುದು ಡಾಕ್ಟರರ ಅಭಿಪ್ರಾಯ. ಅಭಿಪ್ರಾಯ ಬೇರೆ, ಪುರಾವೆ ಬೇರೆ. ಒಂದು ಪೇಡೆ ತಿಂದು ಮಲಗಿದೆ.

ನವೆಂಬರ್ ೭, ಶುಕ್ರವಾರ

ಇಡೀ ವಿಶ್ವವಿದ್ಯಾಲಯಕ್ಕೆ ಆರೋಗ್ಯದ ಹುಚ್ಚು ಹಿಡಿದಿದೆ. ಕಾಯ್ದೆ ವಿಭಾಗದವರು ‘ನೆಮ್ಮದಿಯ ನಿದ್ದೆಗೆ ಆಸ್ತಿ ಕಾನೂನು’ ಎಂಬ ಪತ್ರಿಕೆ ಕೊಟ್ಟಿದ್ದಾರೆ. ತತ್ತ್ವಶಾಸ್ತ್ರದವರದು ‘ಮೌನ’. ಅದರ ಬಗ್ಗೆ ಅವರು ಸಮಿತಿಯ ಮುಂದೆ ಒಂದು ಗಂಟೆ ಮಾತಾಡಿದರಂತೆ. ಗಣಿತದವರ ಪ್ರಕಾರ ಲೆಕ್ಕ ಬಿಡಿಸಿದರೆ ರಕ್ತದೊತ್ತಡ ಇಳಿಯುತ್ತದೆ. ನನ್ನದು ಅವರ ಮಾತು ಕೇಳಿಯೇ ಏರಿತು.

ಇಂಥ ನಾಚಿಕೆಗೇಡಿನ ಸಂತೆಗೆ ನಾನು ಇಳಿಯುವುದಿಲ್ಲ. ವಿಭಾಗ ಮುಚ್ಚಿದರೆ ಮುಚ್ಚಲಿ.

ನವೆಂಬರ್ ೧೨, ಬುಧವಾರ

ಇಳಿಯಬೇಕಾಯಿತು.

ವಾಣಿಶ್ರೀ ನಮ್ಮ ಅತಿಥಿ ಉಪನ್ಯಾಸಕಿ. ಕಮರಿಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನು ಬೆರಳಿನಿಂದ ತಡವಿ ಓದುತ್ತಾಳೆ. ನನ್ನ ಕೈಯಲ್ಲಿ ಕಲಿತವರಲ್ಲಿ ಇಂಥವಳು ಇನ್ನೊಬ್ಬಳಿಲ್ಲ. ಇವತ್ತು ಬಾಗಿಲಲ್ಲೇ ನಿಂತು ಕಾಲಿನಿಂದ ನೆಲ ಕೆರೆಯುತ್ತಿದ್ದಳು.

“ಸರ್ರ, ಕಾಕಾರ ಪರಿಚಯದ ಸೀರಿ ಅಂಗಡ್ಯಾಗ ಬಿಲ್ ಮಾಡಾಕ ಕರದಾರ್ರಿ. ಫೆಬ್ರುವರಿ ಒಳಗ ಹೇಳಬೇಕಂತ್ರಿ.”

“ನೀ ಏನಂದಿ?”

“ಅವ್ವ ಹೂಂ ಅನ್ನಾಕತ್ತಾಳ್ರಿ. ವಿಭಾಗನ ಇರಲಿಲ್ಲಂದ್ರ ನನ್ನ ಯಾರು ಇಟ್ಕೋತಾರ್ರಿ ಸರ್ರ?”

ಆ ಬೆರಳುಗಳು ಸೀರೆ ಅಂಗಡಿಯ ಬಿಲ್ ಹರಿಯುವುದನ್ನು ನಾನು ನೋಡಲಾರೆ.

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅರ್ಜಿ ಬರೆದೆ. ‘ಶಾಸನಾಧ್ಯಯನ ಮತ್ತು ದೇಹಾರೋಗ್ಯ.’ ಶಾಸನ ಹುಡುಕಿ ಗುಡ್ಡ ಹತ್ತುವುದು, ಕಲ್ಲು ತೊಳೆಯಲು ನೀರು ಹೊರುವುದು, ಒದ್ದೆ ಕಾಗದ ಹಾಸಿ ಅಕ್ಷರದೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯುವುದು, ಬಾಗುವುದು, ಏಳುವುದು. ಬರೆಯುತ್ತ ಬರೆಯುತ್ತ ನನಗೇ ನಂಬಿಕೆ ಬಂತು. ಮರಳಿ ಬಂದು ಓದಿದ ವಾಣಿಶ್ರೀ ಮೆಲ್ಲಗೆ ಕೇಳಿದಳು: “ಸರ್ರ, ನೀವು ಕಡೀಕ ಗುಡ್ಡಾ ಹತ್ತಿದ್ದು ಯಾವಾಗ್ರಿ?”

ನಾನು ಮಾರ್ಗದರ್ಶಕ. ಮಾರ್ಗ ತೋರಿಸುವವನು ಹತ್ತಬೇಕೆಂದೇನಿಲ್ಲ ಎಂದು ಹೇಳಿದೆ.

ನವೆಂಬರ್ ೧೯, ಬುಧವಾರ

ಇವತ್ತು ಸಮಿತಿಯ ಮುಂದೆ ನಮ್ಮ ಸರದಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಧಾರವಾಡದಲ್ಲಿ ಫಳಾರವಿಲ್ಲದೆ ಒಂದು ಠರಾವು ಪಾಸಾಗಿದ್ದನ್ನು ನಾನು ನೋಡಿಲ್ಲ. ನಮಗಿಂತ ಮೊದಲು ಅಮರೇಶ ಎಲ್ಲರಿಗೂ ಮೊಳಕೆ ಬರಿಸಿದ ಹೆಸರುಕಾಳು ಹಂಚಿದ್ದ. ಅವನು ಸಮಿತಿಯ ಸದಸ್ಯನೂ ಹೌದು. ತನ್ನ ಕೋರ್ಸನ್ನು ತಾನೇ ಒಪ್ಪಿಕೊಂಡು ಕುಳಿತಿದ್ದ. ಉಳಿದವರು ಪಾಪ, ಕಾಳು ಅಗಿಯುತ್ತ ಮುಖ ಸಣ್ಣದು ಮಾಡಿಕೊಂಡಿದ್ದರು. ನಾನು ಮೊದಲೇ ಎಲ್ಲ ಯೋಚಿಸಿದ್ದೆ. ನಮ್ಮ ಜವಾನ ಲಾಲಸಾಬ ಬಿಸಿ ಬಿಸಿ ಮಿರ್ಚಿ ಭಜಿ, ಗಿರ್ಮಿಟ್, ಪೇಡೆ ತಂದು ಇಳಿಸಿದ. ಸಭೆಗೆ ಜೀವ ಬಂತು. ಕಾಶೀಬಾಯಿ ಮೇಡಂ ಎರಡನೆಯ ಮಿರ್ಚಿಗೆ ತಾವೇ ಕೈ ಹಾಕಿದರು. ಗೆದ್ದೆ ಅಂದುಕೊಂಡೆ.

ಮೇಡಂ ತಿಂದು, ಬೆರಳು ಒರೆಸಿಕೊಂಡು, ಕನ್ನಡಕ ಏರಿಸಿದರು.

“ಯಜ್ಞೇಶ್ವರ ಅವರ, ಮಿರ್ಚಿ ಭಾಳ ಛಲೋ ಆಗ್ಯಾವ. ಆದ್ರ ಆರೋಗ್ಯದ ಸಮಿತಿಗೆ ಎಣ್ಣಿಯೊಳಗ ಕರದದ್ದು ತಿನಿಸಿದವರಿಗೆ ಆರೋಗ್ಯದ ಪತ್ರಿಕಾ ಹೆಂಗ ಕೊಡೋಣ? ಶಾಸನಕ್ಕೂ ಆರೋಗ್ಯಕ್ಕೂ ಏನ್ ಸಂಬಂಧ ಅದ? ಪುರಾವೆ ಕೊಡ್ರಿ.”

ಪುರಾವೆ! ಜೀವಮಾನವಿಡೀ ಕಂಡಕಂಡವರಿಗೆ ಪುರಾವೆ ಕೇಳಿದವನು ನಾನು. ಉತ್ತರಿಸಲು ಎದ್ದೆ, ಆದರೆ ಮಾತು ಬರಲಿಲ್ಲ. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದಿದ್ದೆ. ಏದುಸಿರು ಇನ್ನೂ ನಿಂತಿರಲಿಲ್ಲ. ಅಮರೇಶ ಕುರ್ಚಿ ಮುಂದೆ ಸರಿಸಿ, “ಮೊದ್ಲ ಕುಂದರ್ರಿ ಸರ್ರ, ನೀರು ಕುಡೀರಿ” ಎಂದ. ಟ್ರೆಡ್‌ಮಿಲ್ಲಿನವನಿಂದ ಕರುಣೆ! ತಲೆ ಕೆಟ್ಟು ಕೂಗಿಬಿಟ್ಟೆ: “ಬರ್ರಿ ಗುಡ್ಡಕ್ಕ! ಅಲ್ಲೇ ತೋರಸ್ತೀನಿ ಪುರಾವೆ!”

ಮೇಡಂ ಶಾಂತವಾಗಿ ತಾರೀಖು ಬರೆದುಕೊಂಡರು. ಜನವರಿ ಹತ್ತು.

ನವೆಂಬರ್ ೨೦

ಎರಡು ಮಿರ್ಚಿ ತಿಂದದ್ದನ್ನು ಮೇಡಂ ನಡಾವಳಿಯಲ್ಲಿ ಬರೆಸಿಲ್ಲ. ಇತಿಹಾಸಕ್ಕೆ ಗೊತ್ತಿರಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ನವೆಂಬರ್ ೨೩, ರವಿವಾರ

ಗರಗ ಊರಿನ ಆಚೆ ಒಂದು ಗುಡ್ಡವಿದೆ, ಅದರ ನೆತ್ತಿಯಲ್ಲಿ ಒಂದು ಶಾಸನದ ಕಲ್ಲು. ಸಮಿತಿಗೆ ತೋರಿಸಲು ಅದೇ ಸರಿ ಎಂದು ಇವತ್ತು ನೋಡಲು ಹೋದೆವು. ಲಾಲಸಾಬ “ನನ್ನ ನಡಾ ಹಿಡದೈತ್ರಿ ಸಾಹೇಬ್ರ” ಎಂದು ಜೀಪಿನಲ್ಲೇ ಉಳಿದ. ನಾನು, ವಾಣಿಶ್ರೀ ಹೊರಟೆವು.

ಅರ್ಧ ದಾರಿಯಲ್ಲಿ ಒಂದು ಬೇವಿನ ಮರ. ಅಲ್ಲಿಯವರೆಗೆ ಹೇಗೆ ಬಂದೆನೋ, ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಕಣ್ಣು ಕತ್ತಲಿಟ್ಟಿತು, ಕುಸಿದು ಕುಳಿತೆ. ವಾಣಿಶ್ರೀ ಫೈಲಿನಿಂದ ಗಾಳಿ ಹಾಕುತ್ತ, “ಬ್ಯಾಡ್ರಿ ಸರ್ರ, ಬಿಡ್ರಿ, ನಾ ಅಂಗಡಿಗೆ ಹೂಂ ಅಂತೇನಿ, ನಿಮಗ ಏನರ ಆದ್ರ ನಾ ಏನ್ ಮಾಡ್ಲಿ” ಎಂದು ಅಳಲು ಶುರು ಮಾಡಿದಳು. ಅವಳನ್ನು ಸುಮ್ಮನಿರಿಸಲು ನನಗೆ ಉಸಿರು ಇರಲಿಲ್ಲ. ಕಲ್ಲು ನೋಡದೆಯೇ ಇಳಿದು ಬಂದೆವು.

ಹುಡುಗಿ ನಮ್ಮ ಮನೆಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟಿದ್ದಳು. ನಿರುಪಮಾ ಬೈಯುತ್ತಾಳೆಂದು ಉತ್ತರಗಳನ್ನು ಸಿದ್ಧ ಮಾಡಿಕೊಂಡೇ ಒಳಗೆ ಕಾಲಿಟ್ಟೆ. ಅವಳು ಬೈಯಲಿಲ್ಲ. ತಟ್ಟೆ ಇಟ್ಟು, ಎದುರಿಗೆ ಕುಳಿತು, “ನನಗ ಹೆದರಿಕಿ ಆಗ್ತದರಿ” ಎಂದಳು. ಅಷ್ಟೇ. ಸಿದ್ಧ ಮಾಡಿಕೊಂಡ ಉತ್ತರಗಳಲ್ಲಿ ಒಂದೂ ಅದಕ್ಕೆ ಹೊಂದಲಿಲ್ಲ.

ನವೆಂಬರ್ ೨೪, ಸೋಮವಾರ

ಬೆಳಿಗ್ಗೆ ನಿರುಪಮಾಳ ಜೊತೆ ಕೆಲಗೇರಿ ಕೆರೆಗೆ ಹೋದೆ. ಇದು ಆರೋಗ್ಯಕ್ಕಾಗಿ ಅಲ್ಲ, ಕ್ಷೇತ್ರಕಾರ್ಯದ ಪೂರ್ವಸಿದ್ಧತೆ ಎಂದು ಅವಳಿಗೆ ಸ್ಪಷ್ಟವಾಗಿ ಹೇಳಿದ್ದೇನೆ. “ಹೂಂ, ಹೂಂ” ಅಂದಳು. ಸ್ವಲ್ಪ ನಡೆದು ಕಟ್ಟೆಯ ಮೇಲೆ ಕುಳಿತೆ. ಅವಳ ನೀಲಿ ಸ್ವೆಟರ್ ಕೆರೆಯ ಆಚೆ ಬದಿಯಲ್ಲಿ ಚುಕ್ಕೆಯಷ್ಟಾಯಿತು. ಈ ವಯಸ್ಸಿನಲ್ಲಿ ಅಷ್ಟು ಅವಸರ ಏಕೋ ತಿಳಿಯದು.

ಡಿಸೆಂಬರ್ ೨

ಕೆರೆ. ಥಂಡಿ. ಮೊಣಕಾಲು ನೋವು. ನಿರುಪಮಾ ಮುಂದೆ, ನಾನು ಹಿಂದೆ. ಪಡಿಯಚ್ಚಿನ ಕೆಲಸಕ್ಕೆ ಇದು ಬೇಕೇ ಬೇಕು, ಇಲ್ಲದಿದ್ದರೆ ಯಾರು ಏಳುತ್ತಿದ್ದರು?

ಡಿಸೆಂಬರ್ ೧೪, ರವಿವಾರ

ಮತ್ತೆ ಗುಡ್ಡ. ಈ ಸಲ ಬೇವಿನ ಮರ ದಾಟಿದೆ. ನೆತ್ತಿ ಮುಟ್ಟಿ ಕಲ್ಲು ಕಂಡಾಗ ನನಗೆ ನಿಜಕ್ಕೂ ಸಂತೋಷವಾಯಿತು. ಮೂಲೆಯಲ್ಲಿ ಹಾವಸೆ ಹಿಡಿದಿದೆ, ಅಕ್ಷರಗಳು ಗಟ್ಟಿಯಾಗಿವೆ. ಆದರೆ ಮೇಲೆ ನೀರಿಲ್ಲ, ಕಲ್ಲು ತೊಳೆಯುವುದು ಹೇಗೆ? ವಾಣಿಶ್ರೀ ಒಬ್ಬಳೇ ಎಷ್ಟು ಹೊರುತ್ತಾಳೆ? ಒಂದು ಕ್ಯಾನು ನಾನೇ ಹೊತ್ತು ತಂದೆ. ದಾರಿಯಲ್ಲಿ ಕುಳಿತು ಕುಳಿತು ತಂದೆ, ಆದರೆ ತಂದೆ.

ಕಲ್ಲನ್ನು ಪೂರ್ತಿ ಓದಿದೆವು. ಗುಡಿಯ ನಂದಾದೀಪಕ್ಕೆ ಯಾರೋ ಹೊಲ ಬಿಟ್ಟ ವಿಷಯ. ವೈದ್ಯ ಇಲ್ಲ, ಔಷಧಿ ಇಲ್ಲ, ಒಂದು ಗಿಡಮೂಲಿಕೆಯ ಹೆಸರೂ ಇಲ್ಲ. ಸಮಿತಿಗೆ ಪುರಾವೆ ಎಲ್ಲಿಂದ ತರಲಿ?

ಡಿಸೆಂಬರ್ ೨೨, ಸೋಮವಾರ

ಸಣ್ಣ ಸಣ್ಣ ಕಿರುಕುಳಗಳು. ಇಸ್ತ್ರಿ ಮಾಡುವವನು ನನ್ನ ಪ್ಯಾಂಟುಗಳನ್ನು ಜಗ್ಗಿ ಜಗ್ಗಿ ಸೊಂಟ ದೊಡ್ಡದು ಮಾಡಿಟ್ಟಿದ್ದಾನೆ. ಎಲ್ಲವನ್ನೂ! ಕೇಳಿದರೆ ನಗುತ್ತಾನೆ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯಬೇಕಾಯಿತು.

ಲಿಫ್ಟ್ ರಿಪೇರಿ ಆಗಿ ಬಹಳ ದಿನಗಳಾದವು ಎಂದು ಲಾಲಸಾಬ ಇವತ್ತು ಹೇಳಿದ. “ನೀವು ದಿನಾ ಮೆಟ್ಲಾ ಹತ್ತೂದ್ ನೋಡಿ, ಏನೋ ಹರಕಿ ಇರಬೇಕ ಅಂದ್ಕೊಂಡಿದ್ದೆ ಸಾಹೇಬ್ರ.” ಇಂಥ ಮಾಹಿತಿಯನ್ನು ಸಮಯಕ್ಕೆ ಕೊಡದ ಸಿಬ್ಬಂದಿ. ಮೇಜಿನ ಖಾನೆಯಲ್ಲಿ ಯಾರೋ ಕೊಟ್ಟ ಪೇಡೆಯ ಪೊಟ್ಟಣವಿತ್ತು, ಇರುವೆ ಮುತ್ತಿದ್ದವು. ಯಾವಾಗ ಇಟ್ಟೆನೋ ನೆನಪಿಲ್ಲ.

ಡಿಸೆಂಬರ್ ೨೯, ಸೋಮವಾರ

ನಿರುಪಮಾಳ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದೆ. ಡಾಕ್ಟರು ನೋಡಿ, ಮತ್ತೊಮ್ಮೆ ನೋಡಿ, ಗುಳಿಗೆ ಅರ್ಧ ಮಾಡಿದರು. ಮೊದಲ ಸಲ ತಪ್ಪು ಹೇಳಿದ್ದರೆಂದು ಕಾಣುತ್ತದೆ, ಈಗ ಒಪ್ಪಿಕೊಳ್ಳಲು ಸಂಕೋಚ. ನಾನೂ ದೊಡ್ಡ ಮನಸ್ಸು ಮಾಡಿ ಏನೂ ಅನ್ನಲಿಲ್ಲ.

ಮನೆಗೆ ಬಂದವಳೇ ನಿರುಪಮಾ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಇವತ್ತು ಯಾವ ಹಬ್ಬ ಎಂದು ಕೇಳಿದೆ. ಹೇಳಲಿಲ್ಲ.

ಜನವರಿ ೧೦, ಶನಿವಾರ

ಸಮಿತಿ ಗುಡ್ಡಕ್ಕೆ ಬಂತು. ಕಾಶೀಬಾಯಿ ಮೇಡಂ, ಅಮರೇಶ, ಕಾಯ್ದೆ ವಿಭಾಗದ ಒಬ್ಬರು.

ಬಹಳ ನಿಧಾನದ ಜನ. ಮೇಡಂ ಬೇವಿನ ಮರದ ಕೆಳಗೆ ಕುಳಿತೇಬಿಟ್ಟರು. ಕಾಯ್ದೆಯವರು “ನೀವು ನಡೀರಿ, ನಾ ಬಂದೆ” ಎನ್ನುತ್ತ ಹಿಂದೆಯೇ ಉಳಿದರು. ಅಮರೇಶ ತೋಳಿನ ಮಾಂಸಖಂಡ ತೋರಿಸಲು ನೀರಿನ ಕ್ಯಾನು ತಾನೇ ಹೊರುತ್ತೇನೆಂದು ಹಟ ಹಿಡಿದಿದ್ದ. ಕಡಿದಾದ ಜಾಗಕ್ಕೆ ಬಂದು ಅದನ್ನು ಕೆಳಗಿಟ್ಟು ಬಾಯಿ ತೆರೆದುಕೊಂಡು ನಿಂತ. “ಜಿಮ್ಮಿನ್ಯಾಗ ನೆಲಾ ಸಪಾಟ ಇರತೈತ್ರಿ ಸರ್ರ...” ಬಿಸಿಲು ಏರಿದರೆ ಕಾಗದ ಬೇಗ ಒಣಗುತ್ತದೆ, ಇವರನ್ನು ಕಾಯುತ್ತ ಕೂಡಲು ನನಗೆಲ್ಲಿ ಪುರುಸೊತ್ತು? ಕ್ಯಾನು ಕಸಿದುಕೊಂಡು ಮೇಲೆ ಹೋಗಿ ಕೆಲಸ ಶುರು ಮಾಡಿದೆ.

ಅವರು ಒಬ್ಬೊಬ್ಬರಾಗಿ ಮುಟ್ಟುವಷ್ಟರಲ್ಲಿ ಕಲ್ಲು ತೊಳೆದು, ಕಾಗದ ಹಾಸಿ, ಬಡಿದು ಮುಗಿಸಿದ್ದೆ. ವಾಣಿಶ್ರೀ ಬಟ್ಟೆಯ ಉಂಡೆಯಿಂದ ಮಸಿ ಒತ್ತುತ್ತ ಹೋದಳು. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಮೇಡಂ ಸೆರಗಿನಿಂದ ಬೆವರು ಒರೆಸಿಕೊಂಡು ಬಾಗಿ ನೋಡಿ, “ಇದು ‘ದೀ’ ಅಲ್ಲೇನ? ಅಯ್ಯ, ನನಗ ಓದ್ಲಿಕ್ಕೆ ಬಂತಲ್ಲ!” ಎಂದು ಚಿಕ್ಕ ಹುಡುಗಿಯಂತೆ ವಾಣಿಶ್ರೀಯ ಕೈ ಹಿಡಿದರು. ಹುಡುಗಿಯ ಮುಖ ಅರಳಿತು. ಬಹಳ ದಿನಗಳ ಮೇಲೆ ಅವಳು ನಕ್ಕದ್ದು.

ನಾನು ಲಿಪಿಯ ಬೆಳವಣಿಗೆಯ ಬಗ್ಗೆ ದೀರ್ಘವಾಗಿ ಮಾತಾಡಿದೆ. ನಡುವೆ ಒಬ್ಬರೂ ಪ್ರಶ್ನೆ ಹಾಕಲಿಲ್ಲ, ಅಡ್ಡಮಾತಿಲ್ಲ. ವಿಷಯದ ಗಾಂಭೀರ್ಯ ಅಂಥದು. ಕೆಳಗಿಳಿದ ಮೇಲೆ ಬ್ರಷ್ಷು ಮೇಲೆಯೇ ಮರೆತದ್ದು ಗೊತ್ತಾಗಿ, ಹೋಗಿ ತಂದೆ. ಬರುವಷ್ಟರಲ್ಲಿ ಮೂವರೂ ಜೀಪಿನ ನೆರಳಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಕಾಯಿಸಿದ್ದಕ್ಕೆ ಸಿಟ್ಟಾಗಿರಬೇಕು.

“ಊಟಕ್ಕ ಏನ್ ತಗೋತೀರಿ ಈಗೀಗ?” ಎಂದು ಮೇಡಂ ಕೇಳಿದರು. ಮಿರ್ಚಿಯ ವಿಷಯ ಇನ್ನೂ ಬಿಟ್ಟಿಲ್ಲ. ಪುರಾವೆ ಮಾತ್ರ ಸಿಗಲೇ ಇಲ್ಲ.

ಜನವರಿ ೧೯, ಸೋಮವಾರ

ಕೊನೆಯ ಸಭೆ.

ಈ ಸಲ ಫಳಾರ ಬೇಡವೆಂದು ಲಾಲಸಾಬನಿಗೆ ಬರೀ ಚಹ ಹೇಳಿದ್ದೆ. ವಾಣಿಶ್ರೀ ಬಾಗಿಲ ಬಳಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಅಂಗಡಿಯವರು ಅವಸರ ಮಾಡಿದ್ದರಿಂದ ಸಂಜೆಯೇ ಉತ್ತರ ಹೇಳಬೇಕಂತೆ. ನಾನು ಎದ್ದು ನಿಂತೆ. ಎರಡು ತಿಂಗಳು ಪುಸ್ತಕ ತಿರುವಿ ಹಾಕಿದ್ದೆ, ಒಂದು ಆಧಾರವೂ ಸಿಕ್ಕಿರಲಿಲ್ಲ. ಶಾಸನದವನು ಇಲ್ಲದ್ದನ್ನು ಇದೆ ಎನ್ನಬಾರದು.

“ಮೇಡಂ, ಶಾಸನ ಓದಿದ್ರ ಆರೋಗ್ಯ ಆಗ್ತದ ಅನ್ನೋದಕ್ಕ ನನ್ನ ಹತ್ರ ಪುರಾವೆ ಇಲ್ಲ. ವಿಭಾಗ ಮುಚ್ಚೋದಿದ್ರ ಮುಚ್ಚ್ರಿ. ನಾ ಹೆಂಗೂ ಇವತ್ತಿಲ್ಲ ನಾಳೆ ನಿವೃತ್ತಿ ಆಗಾಂವ. ಆದ್ರ ಈ ಹುಡುಗಿಯಂಥಾಕಿ ಮತ್ತ ಹುಟ್ಟಿ ಬರೂದಿಲ್ಲ. ಆಕೀನ್ನ ಕಳಕೋಬ್ಯಾಡ್ರಿ. ಕೈ ಮುಗದು ಕೇಳ್ತೀನಿ.”

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಪುರಾವೆ ಇಲ್ಲ ಅಂದ್ರ ಹೆಂಗ್ರಿ? ನವೆಂಬರಿನ್ಯಾಗ ಇದೇ ಖೋಲ್ಯಾಗ ನಾವು ನೋಡಿದ್ದು ಮರತಿಲ್ಲ. ಈಗ ಪುರಾವೆ ನಮ್ಮ ಮುಂದನ ನಿಂತದಲ್ಲ!”

ನಾನು ತಿರುಗಿ ನೋಡಿದೆ. ಹಿಂದೆ ಲಾಲಸಾಬ ಚಹದ ಟ್ರೇ ಹಿಡಿದುಕೊಂಡು ನಿಂತಿದ್ದ.

ಎಲ್ಲರೂ ಗೊಳ್ಳೆಂದು ನಕ್ಕರು. ಕಾಯ್ದೆಯವರಂತೂ ಮೇಜು ಬಡಿದು ಬಡಿದು ನಕ್ಕರು. ಲಾಲಸಾಬನ ಆರೋಗ್ಯ ನಿಜ ಹೇಳಬೇಕೆಂದರೆ ಅಷ್ಟಕ್ಕಷ್ಟೆ, ಸೊಂಟನೋವೆಂದು ಗುಡ್ಡವನ್ನೂ ಹತ್ತಿದವನಲ್ಲ. ಆದರೆ ಸಮಿತಿಯೇ ಅವನನ್ನು ಪುರಾವೆ ಎನ್ನುವಾಗ ನಾನೇಕೆ ಬೇಡವೆನ್ನಲಿ? ಬಾಯಿ ಮುಚ್ಚಿಕೊಂಡು ನಿಂತೆ.

ಅಮರೇಶ ಎದ್ದು, “ನಮಗ ಆ ಖೋಲಿ ಬ್ಯಾಡ್ರಿ. ನಮ್ಮ ಹುಡುಗೋರ್ನೂ ಈ ಕೋರ್ಸಿಗೆ ಕಳಸತೇನಿ. ಆ ಗುಡ್ಡಾ ಹತ್ತಲಿ ಮಕ್ಳು, ಗೊತ್ತಾಗತೈತಿ” ಎಂದ. ಪತ್ರಿಕೆಗೆ ಒಪ್ಪಿಗೆ ಸಿಕ್ಕಿತು. ವಾಣಿಶ್ರೀ ಹೊರಗೆ ಓಡಿಹೋಗಿ ಅವ್ವನಿಗೆ ಫೋನು ಮಾಡಿದಳು. “ಇಲ್ಲಬೇ, ಅಂಗಡಿಗೆ ಹೋಗೂದಿಲ್ಲ, ಹೋಗೂದಿಲ್ಲ!” ಎಂದು ಅವಳು ಕೂಗಿದ್ದು ಮೆಟ್ಟಿಲವರೆಗೂ ಕೇಳಿಸಿತು.

ಲಾಲಸಾಬನಿಗೆ ಮನೆಗೆ ಒಯ್ಯಲು ಮಿರ್ಚಿ ಕಟ್ಟಿಸಿ ಕೊಟ್ಟೆ. ಏಕೆಂದು ಅವನಿಗೆ ಇನ್ನೂ ಗೊತ್ತಾಗಿಲ್ಲ.

ಫೆಬ್ರುವರಿ ೧೬, ಸೋಮವಾರ

ಪ್ರವೇಶ ಮುಗಿಯಿತು. ಖೋಲಿ ಹಿಡಿಸಲಾರದಷ್ಟು ಹುಡುಗರು. ಅರ್ಧ ಜನ ಅಮರೇಶನ ಪೈಲ್ವಾನರು, ಬೆಂಚು ಕಿರುಗುಟ್ಟುತ್ತವೆ. ವಾಣಿಶ್ರೀ ಮೊದಲ ಪಾಠ ಮಾಡಿದಳು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಮಸಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಮಸಿಯ ಬಾಟಲಿ ತೆರೆದಿರಲಿಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು.

ಈಗ ಒಂದೇ ಚಿಂತೆ, ಅದು ನಿರುಪಮಾಳದು. ಇತ್ತೀಚೆಗೆ ಬಹಳ ನಿಧಾನವಾಗಿದ್ದಾಳೆ. ಕೆಲಗೇರಿ ಕೆರೆಯ ತಿರುವಿನಲ್ಲಿ ದಿನಾ ನಾನು ನಿಂತು ಕಾಯಬೇಕು. ಇವತ್ತೂ ಕಾದೆ. ನೀಲಿ ಸ್ವೆಟರ್ ಹಾಕಿಕೊಂಡು ಮೆಲ್ಲಗೆ ಬಂದಳು. “ಯಾಕ, ಆರಾಮ ಇಲ್ಲೇನು?” ಎಂದು ಕೇಳಿದೆ.

ನನ್ನ ಮುಖ ನೋಡುತ್ತ ನಿಂತಳು. ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿದ್ದವು. “ಆರಾಮ ಇದ್ದೀನ್ರಿ,” ಎಂದಳು. “ಈಗ ಭಾಳ ಆರಾಮ ಇದ್ದೀನಿ.”

ನನಗೆ ಅನುಮಾನ. ನಾಳೆಯೇ ಅವಳನ್ನು ಡಾಕ್ಟರರಿಗೆ ತೋರಿಸಬೇಕು.